ಆಡಿದವರು ಮರೆಯುತ್ತಾರೆ, ಕೇಳಿದವರು ಮರೆಯುವುದಿಲ್ಲ
(ಪವಿತ್ರ ಕುಟುಂಬದ ಹಬ್ಬದ ಚಿಂತನೆ)



ಮನೆಯ ಮೂಲೆಯಲ್ಲಿ ಕಟ್ಟಿದ ಗೋದಲಿಯನ್ನು ಇನ್ನೂ ಬಿಚ್ಚಿರುವುದಿಲ್ಲ, ಕರಂಜಿ ಚಕ್ಕುಲಿಯ ಡಬ್ಬಿಯೂ ಬರಿದಾಗಿರುವುದಿಲ್ಲ, ಅಷ್ಟರಲ್ಲಿ ಪವಿತ್ರ ಕುಟುಂಬದ ಹಬ್ಬ ಬರುತ್ತದೆ. 1921ರಲ್ಲಿ ಜಗದ್ಗುರು ಹದಿನೈದನೆಯ ಬೆನೆಡಿಕ್ಟರು ಈ ಹಬ್ಬವನ್ನು ಇಡೀ ಧರ್ಮಸಭೆಗೆ ವಿಸ್ತರಿಸಿದರು. ಈ ಹಬ್ಬಕ್ಕೆ ಗೊತ್ತುಮಾಡಿರುವ ವಾಚನಗಳಲ್ಲಿ ಎರಡನ್ನು ನಾವು ಸ್ವಲ್ಪ ನಿಧಾನವಾಗಿ ಓದಬೇಕು. ಸಿರಾಖನ ಗ್ರಂಥದ 3ನೆಯ ಅಧ್ಯಾಯವು, ತಂದೆಗೆ ವಯಸ್ಸಾಗಿ ಬುದ್ಧಿ ಮಂಕಾದರೂ ಅವನನ್ನು ತುಚ್ಛವಾಗಿ ಕಾಣಬೇಡ ಎಂದು ಮಗನಿಗೆ ಬುದ್ಧಿ ಹೇಳುತ್ತದೆ. ಸಂತ ಪೌಲರು ಕೊಲೊಸ್ಸೆಯರಿಗೆ ಬರೆದ ಪತ್ರದ 3ನೆಯ ಅಧ್ಯಾಯವು, ಮಕ್ಕಳನ್ನು ಕೆಣಕಿ ಅವರ ಎದೆಗುಂದಿಸಬೇಡಿ ಎಂದು ತಂದೆಯರಿಗೆ ತಿಳಿಹೇಳುತ್ತದೆ. ಒಂದು ಎಚ್ಚರಿಕೆ ಮಗನಿಗೆ, ಇನ್ನೊಂದು ತಂದೆಗೆ. ಆದರೆ ಎರಡೂ ಹೇಳುವುದು ಒಂದೇ ಗಾಯದ ಬಗ್ಗೆ. ಕೈ ಎತ್ತದೆ, ಬರೀ ನಾಲಿಗೆಯಿಂದ, ಬರೀ ಮುಖದಿಂದ ಮಾಡುವ ಗಾಯ.

ಈ ಗಾಯ ಎಷ್ಟು ಕಾಲ ಉಳಿಯುತ್ತದೆ? ಈ ಪ್ರಶ್ನೆಯನ್ನು ನಮ್ಮ ಮುಂದೆ ಇಟ್ಟವರು ಒಬ್ಬ ತಂದೆ.

ಒಂದು ನಗು

ಕಳೆದ ವರ್ಷ ಆಗಮನಕಾಲದ ಕೊನೆಯ ವಾರ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಕೆಲಸ ಮಾಡುವ ಒಬ್ಬರು ಸಂಜೆ ನಮ್ಮನ್ನು ಕಾಣಲು ಬಂದರು. ಮೂಲತಃ ಖಾನಾಪುರ ತಾಲೂಕಿನವರು.

"ಕ್ರಿಸ್ಮಸ್ ರಾತ್ರಿ ವಾಚನ ಓದಾಕ ನನ್ನ ಮಗಳ ಹೆಸರು ಬರಕೊಂಡಾರ್ರಿ, ಫಾದರ್. ಬ್ಯಾಡ ಅಂತ ಹೇಳಾಕ ಬಂದೇನ್ರಿ" ಎಂದರು.

"ಯಾಕ? ಆಕಿಗೆ ಆರಾಮಿಲ್ಲೇನು?"

"ಆರಾಮದಾಳ್ರಿ. ಛಲೋನೂ ಓದತಾಳ." ಸ್ವಲ್ಪ ಹೊತ್ತು ಸುಮ್ಮನಿದ್ದು, ನೆಲ ನೋಡುತ್ತ ಹೇಳಿದರು: "ನಿಮಗ ನೆನಪ ಇರಲಿಕ್ಕಿಲ್ರಿ. ನಾ ಸಣ್ಣಾಂವ ಇದ್ದಾಗ ನೀವು ನಮ್ಮೂರಿಗೆ ಪೂಜೆಗೆ ಬಂದಿದ್ರಿ."

ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ಆ ರಾತ್ರಿ ಯೆಶಾಯನ ಗ್ರಂಥದ ವಾಚನ ಓದಲು ನಿಂತ ಹನ್ನೆರಡು ವರ್ಷದ ಹುಡುಗ ಅವರೇ. ಮನೆಮಾತು ಕೊಂಕಣಿ, ಓಣಿಯ ಮಾತು ಮರಾಠಿ, ಕನ್ನಡ ಶಾಲೆಯಲ್ಲಿ ಕಲಿತದ್ದಷ್ಟೇ. ಹೆದರಿಕೆಯಲ್ಲಿ 'ಕತ್ತಲೆ' ಎನ್ನುವ ಕಡೆ 'ಕತ್ತೆ' ಎಂದು ಓದಿಬಿಟ್ಟಿದ್ದರು. ಪೀಠದ ಬಳಿ ಕುಳಿತಿದ್ದ ನಾವು ಗಾಯನ ಮಂಡಳಿಯ ಕಡೆ ತಿರುಗಿ, ಹುಬ್ಬು ಹಾರಿಸಿ ನಕ್ಕೆವಂತೆ. ನಾವು ನಕ್ಕದ್ದನ್ನು ಕಂಡು ಮುಂದಿನ ಸಾಲಿನವರೂ ನಕ್ಕರಂತೆ. ಪೂಜೆಯ ನಂತರ ನಾವೇ ಆ ಹುಡುಗನ ತಲೆ ಸವರಿ, ಚೆನ್ನಾಗಿ ಓದಿದೆ ಎಂದು ಹೇಳಿ ಕೇಕ್ ಕೊಟ್ಟೆವಂತೆ.

"ನೀವು ನನಗ ಏನೂ ಅನ್ನಲಿಲ್ರಿ ಫಾದರ್. ನಕ್ರಿ ಅಷ್ಟ. ಅವತ್ತಿನಿಂದ ನಾ ಮೈಕಿನ ಮುಂದ ನಿಂತಿಲ್ರಿ."

ನಮಗೆ ಆ ಹಳ್ಳಿ ನೆನಪಿತ್ತು. ಅಂದಿನ ಚಳಿ ನೆನಪಿತ್ತು. ಆ ಹುಡುಗ ನೆನಪಿರಲಿಲ್ಲ, ಆ ನಗು ಸುತರಾಂ ನೆನಪಿರಲಿಲ್ಲ. ನಮ್ಮ ಪಾಲಿಗೆ ಅದು ಅರ್ಧ ನಿಮಿಷ. ಅವರ ಪಾಲಿಗೆ ಇಪ್ಪತ್ತೈದು ವರ್ಷ. ನಾವು ಬಾಯಿಂದ ಆಡಿದ ಹೊಗಳಿಕೆ ಎಲ್ಲೋ ಹಾರಿಹೋಗಿತ್ತು; ಮುಖದಿಂದ ಆಡಿದ್ದು ನಿಂತಿತ್ತು. ಅದೀಗ ಮಗಳ ಸರದಿಗೂ ಅಡ್ಡ ಬಂದಿತ್ತು.

ಬೆಳಗಾವಿಯಲ್ಲಿ ಹನ್ನೊಂದರ ಬಾಲಕಿ

ಇದು ಒಬ್ಬರ ಕಥೆಯಲ್ಲ. ನಮ್ಮ ನಾಡಿನ ಹೆಸರಾಂತ ಗಾಯಕಿಯೊಬ್ಬರ ಬಾಳಿನಲ್ಲಿಯೂ, ಅದೂ ಇದೇ ಬೆಳಗಾವಿಯಲ್ಲಿ, ಇಂಥದೊಂದು ನೆನಪು ಬೇರು ಬಿಟ್ಟಿತು.

1924ರ ಡಿಸೆಂಬರ್ 26 ಮತ್ತು 27ರಂದು ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಮಹಾತ್ಮ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು. ಅದರ ಗುರುತಾಗಿ ಟಿಳಕವಾಡಿಯಲ್ಲಿ ಕಾಂಗ್ರೆಸ್ ಬಾವಿ ಮತ್ತು ವೀರಸೌಧ ಇವೆ. ಅಲ್ಲಿ ಗಾಂಧೀಜಿಯ ಎದುರು ಸ್ವಾಗತಗೀತೆ ಹಾಡಿದ ಮಕ್ಕಳಲ್ಲಿ ಧಾರವಾಡದಿಂದ ಬಂದ ಹನ್ನೊಂದು ವರ್ಷದ ಒಬ್ಬ ಬಾಲಕಿಯಿದ್ದಳು. ಮುಂದೆ ಪದ್ಮವಿಭೂಷಣ ಪಡೆದ ಡಾ. ಗಂಗೂಬಾಯಿ ಹಾನಗಲ್ ಅವರೇ ಆ ಬಾಲಕಿ.

ಅಧ್ಯಕ್ಷ ಭಾಷಣದಲ್ಲಿ ಗಾಂಧೀಜಿ ಅಸ್ಪೃಶ್ಯತೆಯ ನಿವಾರಣೆಯ ಬಗ್ಗೆಯೂ ಹೇಳಿದ್ದರು. ಆದರೆ ಆ ದಿನದ ಬಗ್ಗೆ ಗಂಗೂಬಾಯಿಯವರು ವಯಸ್ಸಾದ ಮೇಲೆ ನೆನೆಸಿಕೊಂಡದ್ದು ಭಾಷಣವನ್ನಲ್ಲ, ಒಂದು ಭಯವನ್ನು. ಕೆಳಜಾತಿಯವರೆಂದು ಊಟವಾದ ಮೇಲೆ ಎಂಜಲು ಬಳಿಯಲು ತಮ್ಮನ್ನು ಕರೆಯುತ್ತಾರೇನೋ ಎಂಬ ಭಯ. ಹೆದರಲು ಅಲ್ಲಿ ಯಾರೂ ಏನೂ ಅನ್ನಬೇಕಾಗಿರಲಿಲ್ಲ. ಅದಕ್ಕೆ ಮೊದಲೇ ಆ ಮಗು ಬೇಕಾದಷ್ಟು ಕೇಳಿತ್ತು, ಬೇಕಾದಷ್ಟು ಮುಖಗಳನ್ನು ನೋಡಿತ್ತು.

ಧಾರವಾಡದ ಶುಕ್ರವಾರ ಪೇಟೆಯಲ್ಲಿ ಅವರ ಮನೆ. ಚಿಕ್ಕವಳಿದ್ದಾಗ ನೆರೆಯ ಶ್ರೀಮಂತರ ತೋಟಕ್ಕೆ ನುಗ್ಗಿ ಮಾವಿನಕಾಯಿ ಕದ್ದಾಗ ಬೈಸಿಕೊಂಡದ್ದನ್ನು ಅವರು ಸಂದರ್ಶನಗಳಲ್ಲಿ ಹೇಳುತ್ತಿದ್ದರು. ತೋಟದವರಿಗೆ ಕಾಯಿ ಹೋದದ್ದು ದೊಡ್ಡದಾಗಿರಲಿಲ್ಲ. ಹಾಡುವವಳ ಮಗಳು ತಮ್ಮ ತೋಟದೊಳಗೆ ಕಾಲಿಟ್ಟದ್ದು ದೊಡ್ಡದಾಗಿತ್ತು. ಮುಂದೆ ಅದೇ ಜನ ಅವರನ್ನು ಮನೆಗೆ ಕರೆದು ಸತ್ಕರಿಸಿದರು. 2009ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರಿಗೆ 96 ವರ್ಷ. ಸನ್ಮಾನಗಳ ಶಾಲುಗಳು ರಾಶಿಬಿದ್ದರೂ ಬಾಲ್ಯದ ಆ ಮಾತನ್ನು ಮುಚ್ಚಲಾಗಲಿಲ್ಲ.

ಅದೇ ಮನೆಯಲ್ಲಿ ಇನ್ನೊಂದು ಬಗೆಯ ಸಂವಹನವೂ ನಡೆದಿತ್ತು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳು ಹಿಂದೂಸ್ತಾನಿ ಕಲಿಯತೊಡಗಿದಾಗ, ತನ್ನ ಶೈಲಿ ಅವಳ ಕಂಠದಲ್ಲಿ ಬೆರೆಯಬಾರದೆಂದು ಆ ತಾಯಿ ತನ್ನ ಹಾಡನ್ನೇ ನಿಲ್ಲಿಸಿಬಿಟ್ಟರು. ನಿನ್ನ ಮೇಲೆ ನನಗೆ ನಂಬಿಕೆಯಿದೆ ಎಂದು ನೂರು ಸಲ ಹೇಳುವುದಕ್ಕಿಂತ ಆ ಮೌನ ದೊಡ್ಡದಾಗಿತ್ತು. ನೆರೆಯವರ ಮಾತೂ ಉಳಿಯಿತು, ತಾಯಿಯ ಮೌನವೂ ಉಳಿಯಿತು. ಒಂದು ಮುಳ್ಳಾಗಿ, ಇನ್ನೊಂದು ಊರುಗೋಲಾಗಿ.

ಖಾನಾಪುರದ ಹಸಿಮಣ್ಣು

ಬಾಲ್ಯದ ಮಾತೇ ಏಕೆ ಇಷ್ಟು ಆಳಕ್ಕೆ ಇಳಿಯುತ್ತದೆ? ಉತ್ತರಕ್ಕೆ ದೂರ ಹೋಗಬೇಕಿಲ್ಲ. ನಮ್ಮ ಖಾನಾಪುರ ಮಣ್ಣಿನ ಕೆಲಸಕ್ಕೆ ಹೆಸರಾದ ಊರು. ಹೆಂಚು, ಇಟ್ಟಿಗೆ, ಗಡಿಗೆಗಳ ಊರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಅಲ್ಲಿದೆ.

ತಿಗರಿಯ ಮೇಲಿರುವ ಹಸಿಮಣ್ಣಿಗೆ ಬೆರಳು ತಾಗಿದರೆ ಗುರುತು ಬೀಳುತ್ತದೆ. ಆಗಲೇ ಒದ್ದೆ ಕೈಯಿಂದ ಸವರಿದರೆ ಆ ಗುರುತು ಹೋಗುತ್ತದೆ. ಹಾಗೆಯೇ ಬಿಟ್ಟು ಆವಿಗೆಗೆ ಇಟ್ಟರೆ? ಬೆಂಕಿಯ ಕಾವು 500, 600 ಡಿಗ್ರಿ ದಾಟಿದಾಗ ಮಣ್ಣಿನ ಕಣಗಳೊಳಗೆ ಸೇರಿಕೊಂಡಿದ್ದ ನೀರೂ ಹೊರಟುಹೋಗುತ್ತದೆ. ಮಣ್ಣಿನ ಗುಣವೇ ಬದಲಾಗುತ್ತದೆ. ಆಮೇಲೆ ಎಷ್ಟು ದಿನ ನೀರಲ್ಲಿ ನೆನೆಹಾಕಿದರೂ ಗಡಿಗೆ ಮತ್ತೆ ಕೆಸರಾಗುವುದಿಲ್ಲ, ಬೆರಳ ಗುರುತೂ ಅಳಿಯುವುದಿಲ್ಲ.

ಮಕ್ಕಳು ಹಸಿಮಣ್ಣು. "ನೀ ಎದಕ್ಕೂ ಉಪಯೋಗ ಇಲ್ಲ," "ಅಕ್ಕನ್ನ ನೋಡಿ ಕಲಿ," "ಕರ್ರಗದಾಳ, ಯಾರ ಮಾಡಿಕೊಳ್ತಾರ ಇವಳನ್ನ," ಇಂಥ ಮಾತುಗಳನ್ನು ನಾವು ಸಿಟ್ಟಿನಲ್ಲೂ ಆಡುತ್ತೇವೆ, ತಮಾಷೆಗೂ ಆಡುತ್ತೇವೆ. ದೊಡ್ಡವರು ಇದನ್ನು ಒಂದು ಅಭಿಪ್ರಾಯವೆಂದು ತಳ್ಳಿಹಾಕಬಲ್ಲರು. ಮಗುವಿಗೆ ಅದು ಅಭಿಪ್ರಾಯವಲ್ಲ, ತಾನು ಯಾರು ಎಂಬ ಸುದ್ದಿ. ಅದನ್ನು ತಂದವರು ಜಗತ್ತಿನಲ್ಲಿ ತಾನು ಅತಿಹೆಚ್ಚು ನಂಬುವ ಅಪ್ಪ, ಅವ್ವ.

ಸಿರಾಖನ ಗ್ರಂಥದ 27ನೆಯ ಅಧ್ಯಾಯವು ಕುಂಬಾರನ ಆವಿಗೆಯನ್ನೂ ಮನುಷ್ಯನ ಸಂಭಾಷಣೆಯನ್ನೂ ಒಂದೇ ಮಾತಿನಲ್ಲಿ ಜೋಡಿಸುತ್ತದೆ. ಪಾತ್ರೆಯ ಗಟ್ಟಿತನ ಬೆಂಕಿಯಲ್ಲಿ ಗೊತ್ತಾದರೆ, ಮನುಷ್ಯನ ಗುಣ ಅವನ ಮಾತಿನಲ್ಲಿ ಗೊತ್ತಾಗುತ್ತದೆ.

ಮುಖ ಆಡುವ ಮಾತು

ಸಂವಹನದ ತರಬೇತಿ ಶಿಬಿರಗಳಲ್ಲಿ ಒಂದು ಲೆಕ್ಕವನ್ನು ಪದೇಪದೇ ಕೇಳುತ್ತೇವೆ: ಮಾತಿನ ಪರಿಣಾಮದಲ್ಲಿ ಪದಗಳ ಪಾಲು ಶೇಕಡಾ 7, ದನಿಯದು 38, ಹಾವಭಾವದ್ದು 55. ಇದನ್ನು ನಾವೂ ಒಂದು ಕಾಲದಲ್ಲಿ ಕಪ್ಪುಹಲಗೆಯ ಮೇಲೆ ಬರೆದವರೇ. ಆದರೆ ಲೆಕ್ಕದ ಹಿನ್ನೆಲೆ ಬೇರೆ. ಅಮೆರಿಕದ ಮನಃಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಇದು ಬಂದಿತು. ಬಿಡಿಬಿಡಿ ಪದಗಳನ್ನು ಬೇರೆಬೇರೆ ದನಿಯಲ್ಲಿ ಕೇಳಿಸಿ, ಮುಖದ ಚಿತ್ರಗಳನ್ನು ತೋರಿಸಿ, ಹೇಳುವವರ ಭಾವನೆ ಏನೆಂದು ಜನರನ್ನು ಕೇಳಲಾಗಿತ್ತು. ಎಲ್ಲ ಮಾತಿಗೂ ಈ ಲೆಕ್ಕ ಹೊಂದದು, ಪ್ರೀತಿ, ಬೇಸರಗಳಂಥ ಭಾವನೆಯ ಮಾತಿಗೆ ಮಾತ್ರ ಎಂದು ಸ್ವತಃ ಮೆಹ್ರಾಬಿಯನ್ ಸ್ಪಷ್ಟಪಡಿಸಿದ್ದಾರೆ.

ಅಂದರೆ ಪದಕ್ಕೆ ಬೆಲೆಯಿಲ್ಲ ಎಂದಲ್ಲ. ಪದ ಒಂದು ಹೇಳಿ ಮುಖ ಇನ್ನೊಂದು ಹೇಳಿದಾಗ, ಕೇಳುವವರು ಮುಖವನ್ನು ನಂಬುತ್ತಾರೆ. "ಬರ್ರಿ, ಕೂಡ್ರಿ" ಎಂದು ಬಾಯಿ ಕರೆಯುತ್ತಿದ್ದರೂ ಕಣ್ಣು ಗಡಿಯಾರದ ಮೇಲಿದ್ದರೆ ಬಂದ ನೆಂಟರು ಚಹಾ ಕುಡಿಯದೆ ಎದ್ದುಬಿಡುತ್ತಾರೆ. ಕೇಕ್ ಕೊಟ್ಟ ಕೈಯನ್ನು ಆ ಹುಡುಗ ನಂಬಲಿಲ್ಲ, ನಕ್ಕ ಮುಖವನ್ನು ನಂಬಿದ.

ಮಾತು ಬಾರದ ಕೂಸಿಗೂ ಇದು ಗೊತ್ತು. ಅಮೆರಿಕದ ಎಡ್ವರ್ಡ್ ಟ್ರಾನಿಕ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಪ್ರಸಿದ್ಧವಾಗಿದೆ. ಕೂಸಿನ ಜೊತೆ ಆಡುತ್ತಿದ್ದ ತಾಯಿ ಕೆಲವು ನಿಮಿಷ ಮುಖವನ್ನು ಕಲ್ಲಿನಂತೆ ಮಾಡಿಕೊಳ್ಳಬೇಕು. ಬೈಯುವುದಿಲ್ಲ, ಹೊಡೆಯುವುದಿಲ್ಲ, ಸುಮ್ಮನೆ ಭಾವವಿಲ್ಲದೆ ನೋಡುವುದು. ಕೂಸು ಮೊದಲು ನಗುತ್ತದೆ, ಕೈಚಾಚುತ್ತದೆ, ಸದ್ದು ಮಾಡಿ ಕರೆಯುತ್ತದೆ. ಯಾವುದಕ್ಕೂ ಮುಖ ಅರಳದಿದ್ದಾಗ ಕತ್ತು ತಿರುಗಿಸಿಕೊಂಡು ಕುಗ್ಗಿಹೋಗುತ್ತದೆ. ಈ ಪ್ರಯೋಗವನ್ನು ಈಗ ನಾವು ಅರಿಯದೆಯೇ ದಿನಾಲೂ ನಡೆಸುತ್ತಿದ್ದೇವೆ. ಮಗು ಶಾಲೆಯಿಂದ ಬಂದು ಏನೋ ಹೇಳುತ್ತಿರುತ್ತದೆ, ನಮ್ಮ ಮುಖ ಮೊಬೈಲಿನ ಕಡೆ ಇರುತ್ತದೆ. 'ಹೂಂ' ಎನ್ನುತ್ತೇವೆ, ತಲೆ ಎತ್ತುವುದಿಲ್ಲ.

ಮನೆಯ ಹಿರಿಯರಿಗೂ ಹೀಗೆಯೇ. ಅಜ್ಜ ಒಂದೇ ಕಥೆಯನ್ನು ಮೂರನೆಯ ಸಲ ಹೇಳತೊಡಗಿದಾಗ ಯಾರೂ ಬೈಯುವುದಿಲ್ಲ ನಿಜ. ಮೊಮ್ಮಗ ನಿಟ್ಟುಸಿರು ಬಿಡುತ್ತಾನೆ, ಸೊಸೆ ಮಗನ ಮುಖ ನೋಡುತ್ತಾಳೆ, ಮಗ ಟಿವಿಯ ಸದ್ದು ಏರಿಸುತ್ತಾನೆ. ಅಜ್ಜನ ಬುದ್ಧಿ ಮಂಕಾಗಿರಬಹುದು, ಆದರೆ ಮುಖ ಓದುವ ಶಕ್ತಿ ಅಷ್ಟು ಬೇಗ ಹೋಗುವುದಿಲ್ಲ. ಸಿರಾಖನ ಎಚ್ಚರಿಕೆ ಈ ಟಿವಿಯ ಮುಂದೆ ಕುಳಿತವರಿಗೇ ಹೇಳಿದಂತಿದೆ.

ಒಂದು 'ರಿ'ಯ ತೂಕ

ನಮ್ಮ ಭಾಗದಲ್ಲಿ ಇನ್ನೊಂದು ತೊಡಕಿದೆ. ಕೊಂಕಣಿ, ಮರಾಠಿ, ಕನ್ನಡ, ಇಂಗ್ಲಿಷ್ ನಾಲ್ಕೂ ನಮ್ಮ ಚರ್ಚುಗಳಲ್ಲಿ ಕೇಳಿಬರುತ್ತವೆ. ಮರ್ಯಾದೆ ಮಾತ್ರ ಒಂದೊಂದು ಭಾಷೆಯಲ್ಲಿ ಒಂದೊಂದು ಕಡೆ ಕುಳಿತಿರುತ್ತದೆ. ಬೆಳಗಾವಿಯ ಕನ್ನಡದಲ್ಲಿ ಅದು ಕೊನೆಯ 'ರಿ'ಯಲ್ಲಿದೆ. 'ಬಾ' ಎಂಬುದಕ್ಕೂ 'ಬರ್ರಿ' ಎಂಬುದಕ್ಕೂ ನಡುವೆ ಒಂದು ಹೊಸ್ತಿಲೇ ಇದೆ. ಆದರೆ ಕೊಂಕಣಿಯ ಅನೇಕ ಮನೆಗಳಲ್ಲಿ ತಂದೆ ತಾಯಿಗೂ 'ತೂಂ' ಎನ್ನುವುದು ಸಲಿಗೆಯೇ ಹೊರತು ಅಗೌರವವಲ್ಲ. ಆ ಮನೆಯಿಂದ ಬಂದ ಸೊಸೆ ಕನ್ನಡದ ಅತ್ತೆಗೆ ಪ್ರೀತಿಯಿಂದಲೇ 'ನೀನು' ಎಂದರೆ ಅತ್ತೆಯ ಎದೆಗೆ ಚುಚ್ಚುತ್ತದೆ. ಅಂಥ ಕಡೆ ಪದವನ್ನು ಹಿಡಿದು ಜಗ್ಗದೆ ಮುಖ ನೋಡಬೇಕು. ಪ್ರೀತಿ ಅಲ್ಲಿ ಕಾಣುತ್ತಿರುತ್ತದೆ.

ಇದೇ 'ರಿ'ಯನ್ನು ನಾವು ಯಾರಿಗೆ ಕೊಡುತ್ತೇವೆ, ಯಾರಿಗೆ ಕೊಡುವುದಿಲ್ಲ ಎಂಬುದನ್ನೂ ಪರೀಕ್ಷಿಸಿಕೊಳ್ಳೋಣ. ಬ್ಯಾಂಕಿನ ಮ್ಯಾನೇಜರರಿಗೆ 'ರಿ'. ನಮ್ಮ ತಂದೆಯ ವಯಸ್ಸಿನ, ಚರ್ಚಿನ ಅಂಗಳ ಗುಡಿಸುವವರಿಗೆ 'ಏ, ಬಾ ಇಲ್ಲಿ'. ಪಕ್ಕದಲ್ಲಿ ನಿಂತ ಮಗು ಇದನ್ನು ಕಲಿಯುತ್ತದೆ. ನಾವು ಕೈಹಿಡಿದು ಕಲಿಸಿದ ಜಪಕ್ಕಿಂತ ಬೇಗ ಕಲಿಯುತ್ತದೆ.

ಬಲಿಪೂಜೆಯಲ್ಲಿ ಶಾಂತಿಯನ್ನು ಹಂಚಿಕೊಳ್ಳುವ ಗಳಿಗೆಯನ್ನೇ ನೋಡಿ. ಕೈ ಮುಗಿಯುತ್ತೇವೆ, ಆದರೆ ಕಣ್ಣು ಅವರ ತಲೆಯ ಮೇಲಿಂದ ಹಾದು ಫ್ಯಾನಿನ ಕಡೆ ಹೋಗುತ್ತದೆ. ಮಾತು ಬಿಟ್ಟ ದಾಯಾದಿ ಹಿಂದಿನ ಸಾಲಿನಲ್ಲಿದ್ದರಂತೂ ಕತ್ತು ಆ ಕಡೆ ಹೊರಳುವುದೇ ಇಲ್ಲ. ಪದ ಶಾಂತಿಯದು, ದೇಹ ಜಗಳದ್ದು.

ಮಾತಾಡದ ತಂದೆ, ತಿರುಗಿ ನೋಡಿದ ಪ್ರಭು

ಶುಭಸಂದೇಶಗಳಲ್ಲಿ ಸಂತ ಜೋಸೆಫರು ಆಡಿದ ಒಂದೇ ಒಂದು ಮಾತೂ ದಾಖಲಾಗಿಲ್ಲ. ಅವರು ಎದ್ದರು, ಮಗುವನ್ನೂ ತಾಯಿಯನ್ನೂ ಕರೆದುಕೊಂಡು ರಾತ್ರಿಯೇ ಹೊರಟರು, ಹಿಂತಿರುಗಿದರು, ಕಳೆದುಹೋದ ಬಾಲಕನನ್ನು ಹುಡುಕಿದರು. ಕುಟುಂಬಕ್ಕೆ ಅವರು ಹೇಳಿದ್ದೆಲ್ಲ ಕಾಲು ಮತ್ತು ಕೈಗಳ ಮೂಲಕವೇ ನಮಗೆ ತಿಳಿದಿದೆ.

ಯೊವಾನ್ನರ ಶುಭಸಂದೇಶದ 8ನೆಯ ಅಧ್ಯಾಯದಲ್ಲಿ, ಹಿಡಿದು ತಂದ ಹೆಂಗಸನ್ನು ಎಲ್ಲರೂ ದುರುಗುಟ್ಟಿ ನೋಡುತ್ತಿದ್ದಾಗ ಯೇಸುಸ್ವಾಮಿ ಬಾಗಿ ನೆಲದ ಮೇಲೆ ಬರೆಯುತ್ತಾರೆ. ಏನು ಬರೆದರೆಂದು ನಮಗೆ ಯಾರೂ ತಿಳಿಸಿಲ್ಲ. ನಮಗೆ ಕಾಣುವುದು ಇಷ್ಟೇ: ಆಕೆಯ ನಾಚಿಕೆಯನ್ನು ನೋಡುವ ಕಣ್ಣುಗಳ ಸಾಲಿನಲ್ಲಿ ಆ ಎರಡು ಕಣ್ಣು ಇರಲಿಲ್ಲ. ಲೂಕರ 22ನೆಯ ಅಧ್ಯಾಯದಲ್ಲಿ, ಪೇತ್ರ ಮೂರನೆಯ ಸಲ ತನಗೆ ಪ್ರಭು ಗೊತ್ತೇ ಇಲ್ಲವೆಂದು ಹೇಳಿ ಕೋಳಿ ಕೂಗಿದಾಗ, ಪ್ರಭು ತಿರುಗಿ ಅವನನ್ನು ನೋಡುತ್ತಾರೆ. ಒಂದು ಮಾತೂ ಇಲ್ಲ. ಆ ನೋಟದಲ್ಲಿ ತಿರಸ್ಕಾರ ಇದ್ದಿದ್ದರೆ ಪೇತ್ರ ಓಡಿಹೋಗಿ ಕಾಣೆಯಾಗುತ್ತಿದ್ದನೇನೋ. ಅವನು ಅತ್ತ, ಅತ್ತು, ಮರಳಿ ಬಂದ.

ಮನೆಯಲ್ಲಿ ಏನು ಮಾಡೋಣ?

ಗುರುತು ಬಿದ್ದ ಮೇಲೆ ಆಸೆಯೇ ಇಲ್ಲವೇ? ಇದೆ. ಟ್ರಾನಿಕ್ ಅವರ ಪ್ರಯೋಗದ ಕೊನೆಯ ಭಾಗವನ್ನು ಜನ ಹೇಳುವುದು ಕಡಿಮೆ. ಕಲ್ಲಿನಂತಿದ್ದ ತಾಯಿಯ ಮುಖ ಮತ್ತೆ ಅರಳಿದಾಗ, ಅನೇಕ ಕೂಸುಗಳು ಸ್ವಲ್ಪ ಹೊತ್ತು ಮುನಿಸಿಕೊಂಡಿದ್ದು ಆಮೇಲೆ ಮೆಲ್ಲನೆ ತಾಯಿಯ ಕಡೆ ಹೊರಳುತ್ತವೆ. ಎಂದೂ ತಪ್ಪದ ತಾಯಿ ತಂದೆ ಎಲ್ಲಿಯೂ ಇಲ್ಲ. ತಪ್ಪಿದ ಮೇಲೆ ತಿರುಗಿ ಬರುವವರು ಬೇಕು.

ಪೋಪ್ ಫ್ರಾನ್ಸಿಸರು 2015ರ ಮೇ ತಿಂಗಳ ಒಂದು ಉಪದೇಶದಲ್ಲಿ ಕುಟುಂಬಗಳಿಗೆ ಮೂರು ಮಾತುಗಳನ್ನು ಕೊಟ್ಟರು: ಅಪ್ಪಣೆ ಕೇಳುವುದು, ಕೃತಜ್ಞತೆ ಹೇಳುವುದು, ಕ್ಷಮೆ ಬೇಡುವುದು. ನಮ್ಮ ಮನೆಗಳಲ್ಲಿ ಗಂಡ ಹೆಂಡತಿಗೆ 'ಧನ್ಯವಾದ' ಎನ್ನುವ ವಾಡಿಕೆಯಿಲ್ಲ. ಹೇಳಿದರೆ ಅವಳೇ ನಕ್ಕಾಳು. ಆದರೆ "ನೀನೂ ಕೂಡು, ಕೂಡೇ ಉಣ್ಣೂಣು" ಎನ್ನುವುದು ನಮ್ಮ ಧನ್ಯವಾದ. ಮಗು ಮಾತಾಡುವಾಗ ಮೊಬೈಲನ್ನು ಬೋರಲು ಹಾಕುವುದು ನಮ್ಮ ಆಶೀರ್ವಾದ. ತಪ್ಪು ತಿದ್ದಬೇಕಾದಾಗ ನಾಲ್ಕು ಜನರ ಮುಂದೆ ಬೇಡ, ಬದಿಗೆ ಕರೆದು ಹೇಳೋಣ. ಮಗುವನ್ನು ಬೈಯದೆ ಮಗು ಮಾಡಿದ ತಪ್ಪನ್ನು ಹೇಳೋಣ. ರಾತ್ರಿ ಜಪಸರ ಮುಗಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿ, ಇವತ್ತು ನನ್ನಿಂದ ಯಾರಿಗಾದರೂ ಬೇಸರವಾಯಿತೇ ಎಂದು ಕೇಳುವ ರೂಢಿ ಇಟ್ಟುಕೊಳ್ಳೋಣ. ಮಣ್ಣು ಇನ್ನೂ ಹಸಿ ಇರುವಾಗಲೇ ಒದ್ದೆ ಕೈಯಿಂದ ಸವರಿದಂತೆ ಅದು.

ಹಳೆಯ ಗುರುತುಗಳಿಗೆ ಕ್ಷಮೆ ಕೇಳುವುದೊಂದೇ ದಾರಿ. ಅದು ಗುರುತನ್ನು ಅಳಿಸದೆ ಇರಬಹುದು. ಆದರೆ ಅದು ಮುಂದಿನ ಗಡಿಗೆಯ ಮೇಲೆ ಬೀಳದಂತೆ ತಡೆಯಬಹುದು.

ಆ ಸಂಜೆ ನಾವು ಆ ತಂದೆಯ ಎದುರು ಕೈಮುಗಿದು ಕ್ಷಮೆ ಕೇಳಿದೆವು. ಅವರು ಗಾಬರಿಯಾಗಿ, "ಬ್ಯಾಡ್ರಿ ಫಾದರ್, ಹಂಗ ಮಾಡಬ್ಯಾಡ್ರಿ" ಎಂದು ಎದ್ದು ನಿಂತರು. ಮಗಳ ವಿಷಯ ಏನನ್ನೂ ಹೇಳದೆ ಹೋದರು.

ಕ್ರಿಸ್ತಜಯಂತಿಯ ರಾತ್ರಿ ಹುಡುಗಿ ಬಂದಳು. ಅದೇ ಯೆಶಾಯನ ವಾಚನ. ನಡುವೆ ಒಂದು ಉದ್ದದ ಪದಕ್ಕೆ ತಡವರಿಸಿ ನಿಂತಳು. ಚರ್ಚಿನಲ್ಲಿ ಒಂದು ಕ್ಷಣ ನಿಶ್ಶಬ್ದ. ನಾವು ಗಾಯನ ಮಂಡಳಿಯ ಕಡೆ ನೋಡಲಿಲ್ಲ. ಅವಳ ಕಡೆ ತಿರುಗಿ, ಅವಸರವಿಲ್ಲ ಎನ್ನುವಂತೆ ಕುಳಿತು ಕಾದೆವು. ಅವಳು ನಮ್ಮನ್ನು ಒಮ್ಮೆ ನೋಡಿದಳು, ಪುಸ್ತಕದ ಮೇಲೆ ಬೆರಳಿಟ್ಟು ಆ ಪದವನ್ನು ಬಿಡಿಸಿ ಓದಿದಳು, ಮುಂದೆ ಹೋದಳು.

ತಂದೆ ಹಿಂದಿನ ಕಂಬದ ಬಳಿ ನಿಂತಿದ್ದರು. ಮುಂದಿನ ಭಾನುವಾರ ನೀವೂ ಓದಬೇಕು ಎಂದು ಆಮೇಲೆ ಕೇಳಿದೆವು.

"ಈಗ ಬ್ಯಾಡ್ರಿ ಫಾದರ್" ಎಂದರು. "ಮುಂದ ನೋಡೂಣ್ರಿ."

ನಾವು ಕಾಯುತ್ತಿದ್ದೇವೆ. ಪವಿತ್ರ ಕುಟುಂಬವು ನಮ್ಮೆಲ್ಲರ ಮನೆಗಳ ಮಾತನ್ನೂ ಮುಖವನ್ನೂ ಕಾಯಲಿ.